ಎಡಗೈ ನಿರ್ದೋಷಿಯೆಂದು ತಿಳಿದುಬಂದ ಬಗ್ಗೆ

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ, ಓದುಗರಲ್ಲಿ ಮೊದಲಿಗೆ ಒಂದು ಮಾತನ್ನು ನಿವೇದಿಸಿಕೊಳ್ಳುವುದು ಸೂಕ್ತವೆಂದು ಭಾವಿಸಿದ್ದೇನೆ. ನಾನು ಇಪ್ಪತ್ತೇಳು ವರ್ಷಗಳಿಂದ ಬೆರಳಚ್ಚುಗಾರನಾಗಿ ಕೆಲಸ ಮಾಡುತ್ತಿದ್ದೇನೆ. ಈ ಅವಧಿಯಲ್ಲಿ ನನ್ನ ಬೆರಳುಗಳಿಂದ ಹೊರಬಿದ್ದ ಪುಟಗಳು ಎಷ್ಟೋ ಇವೆ. ಆದರೆ ಅವುಗಳಲ್ಲಿ ಒಂದು ಪುಟವೂ ನನ್ನದಲ್ಲ. ಬೇರೆಯವರು ಬರೆದ ಕರಡನ್ನು ಶುದ್ಧಪ್ರತಿ ಮಾಡಿಕೊಟ್ಟವನು ನಾನು. ಸ್ವಂತ ವಿಷಯವನ್ನು ಸ್ವಂತ ಮಾತಿನಲ್ಲಿ ಬರೆಯುತ್ತಿರುವುದು ಇದೇ ಮೊದಲು. ಎಲ್ಲಿಂದ ಆರಂಭಿಸಬೇಕು, ಎಲ್ಲಿ ನಿಲ್ಲಿಸಬೇಕು ಎಂಬುದು ತಿಳಿಯದೆ ಎರಡು ಭಾನುವಾರ ಸುಮ್ಮನೆ ಕುಳಿತಿದ್ದೆ. ಕೊನೆಗೆ ನನಗೆ ಗೊತ್ತಿರುವ ಏಕೈಕ ನಮೂನೆಯಾದ ಪತ್ರದ ಧಾಟಿಯನ್ನೇ ಆಶ್ರಯಿಸಿದ್ದೇನೆ. ಲೋಪಗಳಿದ್ದಲ್ಲಿ ಮನ್ನಿಸಬೇಕಾಗಿ ಕೋರುತ್ತೇನೆ.

ನನ್ನ ಮನೆ ಇರುವುದು ಗುಬ್ಬಿಯಲ್ಲಿ, ಕಚೇರಿ ಇರುವುದು ತುಮಕೂರಿನಲ್ಲಿ. ಪ್ರತಿದಿನ ರೈಲಿನಲ್ಲಿ ಹೋಗಿ ಬರುತ್ತೇನೆ. ಕಳೆದ ವರ್ಷ ಕಾರ್ತೀಕ ಮಾಸ ಕಳೆದ ಮೇಲೆ ಒಂದು ಬೆಳಿಗ್ಗೆ ಗುಬ್ಬಿ ನಿಲ್ದಾಣದ ಮೆಟ್ಟಿಲಿನಲ್ಲಿ ಜಾರಿ ಬಿದ್ದು ಎಡಗೈ ಮಣಿಕಟ್ಟಿನ ಮೂಳೆ ಮುರಿದುಕೊಂಡೆ. ಚಪ್ಪಲಿಯ ಬಾರು ಸಡಿಲವಾಗಿರುವುದು ಎರಡು ದಿನ ಮೊದಲೇ ನನಗೆ ಗೊತ್ತಿತ್ತು. ಆದ್ದರಿಂದ ಸದರಿ ಘಟನೆಗೆ ಮೆಟ್ಟಿಲನ್ನಾಗಲಿ ರೈಲನ್ನಾಗಲಿ ಹೊಣೆ ಮಾಡುವಂತಿಲ್ಲ. ಆರು ವಾರ ಕೈ ಸಿಮೆಂಟು ಪಟ್ಟಿಯೊಳಗಿತ್ತು. ಪಟ್ಟಿ ಬಿಚ್ಚಿದ ದಿನ ಹೊರಬಂದ ಕೈಯನ್ನು ನೋಡಿದಾಗ ಅದು ಬೇರೆ ಯಾರದ್ದೋ ಕೈಯಂತೆ ತೆಳ್ಳಗೆ, ಬಿಳಿಚಿಕೊಂಡು ಇತ್ತು. ಬೆರಳುಗಳು ಅರ್ಧ ಮಡಚಿಕೊಂಡೇ ನಿಂತಿದ್ದವು.

"ದಿನಾ ವ್ಯಾಯಾಮ ಮಾಡಿಸ್ಬೇಕು. ಕಿರುಬೆರಳಿಗೆ ಬಲ ಎಲ್ಲಕ್ಕಿಂತ ಕೊನೆಗೆ ಬರುತ್ತೆ, ಗಾಬರಿಯಾಗ್ಬೇಡಿ" ಎಂದರು ವೈದ್ಯರು. ಗಾಬರಿಯ ಸ್ವಭಾವದವನಾದ ನಾನು ಆ ಮಾತಿನಲ್ಲಿ ಅರ್ಧವನ್ನು ಮಾತ್ರ ಮನಸ್ಸಿಗೆ ತೆಗೆದುಕೊಂಡೆ.

ನನ್ನ ಪತ್ನಿ ಅಂಗನವಾಡಿಯಲ್ಲಿ ಕೆಲಸ ಮಾಡುವುದರಿಂದ ಹಗಲೆಲ್ಲ ಮನೆಯಲ್ಲಿರುವುದಿಲ್ಲ. ಒಂಟಿ ಕೈಯಲ್ಲಿ ನಾನು ಅನ್ನದ ಪಾತ್ರೆ ಇಳಿಸಲೂ ಒದ್ದಾಡುವುದನ್ನು ಕೇಳಿ, ಕುಣಿಗಲ್‌ನಲ್ಲಿರುವ ನನ್ನ ಅಕ್ಕ ಫೋನು ಮಾಡಿ, "ಮೂರು ವಾರ ರಜ ಇದೆಯಲ್ಲ, ಇಲ್ಲಿಗ್ ಬಾರ್ಲಾ. ನಮ್ಮನೆಯಿಂದ ಎರಡು ಬೀದಿ ಆಚೆ ಕೈಕಾಲು ವ್ಯಾಯಾಮ ಮಾಡ್ಸೋ ಡಾಕ್ಟ್ರಿದಾರೆ" ಎಂದು ಕರೆದಳು. ಅಕ್ಕ ನನಗಿಂತ ಹನ್ನೊಂದು ವರ್ಷ ದೊಡ್ಡವಳು. ಪ್ರಾಥಮಿಕ ಶಾಲೆಯ ಶಿಕ್ಷಕಿಯಾಗಿ ನಿವೃತ್ತಳಾದವಳು. ನನಗೆ ಅಕ್ಷರ ತಿದ್ದಿಸಿದವಳೂ ಅವಳೇ. ಭಾವನವರು ಹುತ್ರಿದುರ್ಗದ ಬುಡದಲ್ಲಿರುವ ತೆಂಗಿನ ತೋಟಕ್ಕೆ ಬೆಳಿಗ್ಗೆ ಹೋದರೆ ಮಧ್ಯಾಹ್ನದ ಚಹಾದ ಹೊತ್ತಿಗೆ ಹಿಂದಿರುಗುವವರು. ಹೀಗೆ ಹಗಲಿನಲ್ಲಿ ಆ ಮನೆಯಲ್ಲಿ ಅಕ್ಕ ಮತ್ತು ನಾನು ಇಬ್ಬರೇ.

ವ್ಯಾಯಾಮದ ವೈದ್ಯರು ಬೆರಳುಗಳಿಗೆ ಬಿಡುವಿಲ್ಲದೆ ಸಣ್ಣ ಕೆಲಸ ಕೊಡಬೇಕೆಂದು ಸೂಚಿಸಿದರು. ಅವರೆಕಾಯಿಯ ಕಾಲ. ಅಕ್ಕ ನೆನೆಸಿದ ಅವರೆಕಾಳಿನ ದೊಡ್ಡ ಬೋಗುಣಿಯನ್ನು ನನ್ನ ಮುಂದಿಟ್ಟು ಹಿತುಕಲು ಕೂರಿಸಿದಳು. ಸಿಪ್ಪೆಯಿಂದ ಕಾಳು ಚಿಮ್ಮಿ ಹೊರಬರುವಂತೆ ಎರಡು ಬೆರಳಿನ ನಡುವೆ ಒತ್ತುವ ಆ ಕೆಲಸಕ್ಕಿಂತ ಉತ್ತಮವಾದ ವ್ಯಾಯಾಮ ಇರಲಾರದು. ಮೂರು ದಿನ ಮನೆಯಲ್ಲಿ ಹಿತಕವರೆ ಸಾರೇ ಆಯಿತು. ನಾಲ್ಕನೆಯ ದಿನ ಭಾವನವರು ತಟ್ಟೆಯ ಮುಂದೆ ಕೈ ಮುಗಿದು, "ಇವನ ಕೈ ಸರಿಹೋಗೋ ಅಷ್ಟ್ರಲ್ಲಿ ನನ್ ಹೊಟ್ಟೆ ಕೆಟ್ಟೋಗುತ್ತೆ, ಬೇರೆ ಏನಾರ ಕೊಡೇ ಅವನ ಕೈಗೆ" ಎಂದರು.

ಆ ಬೇರೆ ಏನೋ ಎಂಬುದು ಕಂಪ್ಯೂಟರಿನಲ್ಲಿ ಕಾರು ಓಡಿಸುವ ಆಟ.

ಕೊರೊನಾ ಕಾಲದಲ್ಲಿ ಮಕ್ಕಳಿಗೆ ಪಾಠ ಹೇಳಲೆಂದು ಕೊಂಡಿದ್ದ ಕಂಪ್ಯೂಟರು ಅಕ್ಕನ ಹಜಾರದ ಮೂಲೆಯಲ್ಲಿ, ಹೊಲಿಗೆ ಯಂತ್ರದ ಪಕ್ಕದಲ್ಲಿದೆ. ನಿವೃತ್ತಿಯ ನಂತರ ಅವಳು ಅದರಲ್ಲಿ ಕಾರಿನ ಪಂದ್ಯವನ್ನು ಕಲಿತಿದ್ದಳು. ಊಟವಾದ ಮೇಲೆ ಒಂದು ಗಂಟೆ, ಹತ್ತಿಯ ಟವೆಲಿನಿಂದ ಕೀಬೋರ್ಡನ್ನು ಒರೆಸಿ, ಕನ್ನಡಕ ಸರಿಮಾಡಿಕೊಂಡು ಆಡುತ್ತಿದ್ದಳು. ಅದುವರೆಗೆ ಅವಳು ಒಬ್ಬಳೇ ಆಡಿದವಳು. ಎದುರಾಳಿ ಕಾರುಗಳನ್ನು ಕಂಪ್ಯೂಟರೇ ಓಡಿಸುತ್ತಿತ್ತು. ಈ ಸಂಗತಿಯನ್ನು ಓದುಗರು ದಯವಿಟ್ಟು ಗಮನದಲ್ಲಿಟ್ಟುಕೊಳ್ಳಬೇಕು.

"ಬಾರೋ, ಇಬ್ರೂ ಆಡಣ" ಎಂದಳು.

"ನಂಗೆ ಕಾರು ಓಡ್ಸಕ್ಕೆ ಬರಲ್ವಲ್ಲಕ್ಕ."

"ನಂಗೇನ್ ಲೈಸೆನ್ಸ್ ಕೊಟ್ಟಿದಾರಾ? ಕೂತ್ಕೊ."

ಪರದೆ ಮೇಲೆ, ಕೆಳಗೆ ಎಂದು ಎರಡು ಭಾಗವಾಯಿತು. ಮೇಲಿನದರಲ್ಲಿ ಅಕ್ಕನ ಕೆಂಪು ಕಾರು, ಕೆಳಗಿನದರಲ್ಲಿ ನನ್ನ ಹಳದಿ ಕಾರು. ಕೀಬೋರ್ಡು ಮಾತ್ರ ಒಂದೇ. ಬಲಗಡೆಯ ಬಾಣದ ಗುರುತಿನ ಕೀಗಳು ಅಕ್ಕನವು. ಎಡಗಡೆಯ ನಾಲ್ಕು ಅಕ್ಷರಗಳು ನನ್ನವು: ಮುಂದಕ್ಕೆ ಓಡಲು ಡಬ್ಲ್ಯೂ, ಎಡಕ್ಕೆ ತಿರುಗಲು ಎ, ಬಲಕ್ಕೆ ಡಿ, ನಿಲ್ಲಲು ಎಸ್. ಎಡಗೈಗೆ ವ್ಯಾಯಾಮವಾಗಬೇಕೆಂಬುದೇ ಉದ್ದೇಶವಾದ್ದರಿಂದ ಈ ಏರ್ಪಾಡು ಸಮರ್ಪಕವಾಗಿಯೇ ಇತ್ತು. ಬೆರಳಚ್ಚು ಕಲಿತವರ ಕೈ ಎಲ್ಲಿ ಕುಳಿತರೂ ಕಲಿತ ಹಾಗೆಯೇ ಕೂರುತ್ತದೆ. ಎ ಅಕ್ಷರವು ಎಡಗೈ ಕಿರುಬೆರಳಿನ ಪಾಲಿನದು. ನಾನು ಅದನ್ನು ಕಿರುಬೆರಳಿನಿಂದಲೇ ಒತ್ತಿದೆ.

ಮೊದಲ ತಿರುವು ಬಲಕ್ಕೆ. ನನ್ನ ಕಾರು ಸರಾಗವಾಗಿ ತಿರುಗಿತು. ಎರಡನೆಯ ತಿರುವು ಎಡಕ್ಕೆ. ನಾನು ಎ ಒತ್ತಿದೆ. ಕಾರು ತಿರುಗಲಿಲ್ಲ, ನೇರವಾಗಿ ಹೋಗಿ ಗೋಡೆಗೆ ಹೊಡೆಯಿತು. ಅಕ್ಕನ ಕಾರು ಅಷ್ಟರಲ್ಲಿ ತಿರುವು ದಾಟಿ ಮುಂದೆ ಹೋಗಿತ್ತು.

"ಒತ್ತಿದ್ನಲ್ಲಕ್ಕ" ಎಂದೆ.

"ನೆವ ಹೇಳ್ಬೇಡ. ಹಿಂದಕ್ಕೆ ತಗೊಂಡು ಬಾ."

ಆ ದಿನ ಐದು ಪಂದ್ಯ ಆಡಿದೆವು, ಐದರಲ್ಲೂ ನಾನು ಸೋತೆ. ಸೋತದ್ದಕ್ಕೆ ಬೇಸರವಿರಲಿಲ್ಲ. ಎಡತಿರುವು ಬಂದಾಗಲೆಲ್ಲ ಗೋಡೆಗೆ ಹೋದದ್ದು ಮಾತ್ರ ನನ್ನ ಮನಸ್ಸನ್ನು ಕೊರೆಯಲು ಆರಂಭಿಸಿತು. ಬಲಕ್ಕೆ ತಿರುಗಿಸುವ ಬೆರಳು ಚೆನ್ನಾಗಿದೆ, ಮುಂದಕ್ಕೆ ಓಡಿಸುವ ಬೆರಳು ಚೆನ್ನಾಗಿದೆ. ಕೆಲಸ ಮಾಡದಿರುವುದು ಕಿರುಬೆರಳೊಂದೇ. ಯಾವುದಕ್ಕೆ ಕೊನೆಯಲ್ಲಿ ಬಲ ಬರುತ್ತದೆ ಎಂದಿದ್ದರೋ ಅದೇ ಬೆರಳು.

ಮರುದಿನ ಬೆಳಿಗ್ಗೆ ಅಕ್ಕ ಅಡಿಗೆಮನೆಯಲ್ಲಿದ್ದಾಗ ನಾನೊಬ್ಬನೇ ಆಟವನ್ನು ತೆರೆದು ಪರೀಕ್ಷಿಸಿದೆ. ಎಡತಿರುವಿನಲ್ಲಿ ಕಾರು ಚೆನ್ನಾಗಿಯೇ ತಿರುಗಿತು. ಹತ್ತು ಸಲ ಒತ್ತಿದರೆ ಹತ್ತು ಸಲವೂ ತಿರುಗಿತು. ಮಧ್ಯಾಹ್ನ ಅಕ್ಕ ಪಕ್ಕದಲ್ಲಿ ಕುಳಿತು ಪಂದ್ಯ ಆರಂಭವಾದೊಡನೆ ಮತ್ತೆ ಗೋಡೆ. ಬೇರೆ ಯಾರಾದರೂ ಆಗಿದ್ದರೆ ಇಲ್ಲಿ ಯಂತ್ರದ ಮೇಲೆ ಅನುಮಾನ ಪಡುತ್ತಿದ್ದರೇನೋ. ನಾನು ಬೇರೆಯೇ ತೀರ್ಮಾನಕ್ಕೆ ಬಂದೆ: ಒಬ್ಬನೇ ಇರುವಾಗ, ಆತುರವಿಲ್ಲದಾಗ ಬೆರಳು ಮಾತು ಕೇಳುತ್ತದೆ, ಪಕ್ಕದಲ್ಲಿ ಯಾರಾದರೂ ಇದ್ದು ಅವಸರ ಬಂದರೆ ಕೇಳುವುದಿಲ್ಲ. ಕಚೇರಿ ಎಂದರೆ ಪ್ರತಿದಿನವೂ ಪಕ್ಕದಲ್ಲಿ ಯಾರೋ ನಿಂತು ಅವಸರ ಮಾಡುವ ಸ್ಥಳವೇ ಅಲ್ಲವೆ?

ಈ ತೀರ್ಮಾನಕ್ಕೆ ಹಿನ್ನೆಲೆಯಾಗಿ ಒಂದು ಸಂಗತಿಯನ್ನು ನಮೂದಿಸಬೇಕಾಗಿದೆ. ಹದಿನೆಂಟನೆಯ ವಯಸ್ಸಿನಲ್ಲಿ ನಾನು ಗುಬ್ಬಿಯ ಒಂದು ಚಿಕ್ಕ ಸಂಸ್ಥೆಯಲ್ಲಿ ಟೈಪ್‌ರೈಟರಿನ ಮೇಲೆ ಕೆಲಸ ಕಲಿತೆ. ಆ ಯಂತ್ರದಲ್ಲಿ ಎರಡು ಕೀಗಳನ್ನು ಒಟ್ಟಿಗೆ ಒತ್ತಿದರೆ ಒಳಗಿನ ಎರಡು ಅಚ್ಚಿನ ಕಡ್ಡಿಗಳು ಮೇಲೆದ್ದು ಒಂದಕ್ಕೊಂದು ಸಿಕ್ಕಿಹಾಕಿಕೊಂಡು ನಿಂತುಬಿಡುತ್ತಿದ್ದವು. ಅವನ್ನು ಕೈಯಿಂದ ಬಿಡಿಸಬೇಕು. ಬಿಡಿಸಿದವನ ಬೆರಳಿಗೆ ಮಸಿ ಅಂಟುತ್ತಿತ್ತು. ನಮ್ಮ ಗುರುಗಳು ತರಗತಿ ಮುಗಿದ ಮೇಲೆ ಎಲ್ಲರ ಬೆರಳು ನೋಡುತ್ತಿದ್ದರು. ಮಸಿ ಕಂಡರೆ, "ಮಿಷನ್ನಿಗೆ ತಪ್ಪು ಮಾಡೋಕೆ ಬರಲ್ಲ ಕಣಯ್ಯಾ. ತಪ್ಪೆಲ್ಲ ನಿನ್ ಬೆರಳಿಂದು. ನಾಳೆ ಅರ್ಧ ಗಂಟೆ ಮುಂಚೆ ಬಾ" ಎನ್ನುತ್ತಿದ್ದರು. ಹಾಗೆ ಅರ್ಧ ಗಂಟೆ ಮುಂಚೆ ಹೋಗಿ ಹೋಗಿಯೇ ನಾನು ತಪ್ಪಿಲ್ಲದೆ ಟೈಪು ಮಾಡಲು ಕಲಿತದ್ದು. ನಾನು ಇಂದು ಉಣ್ಣುತ್ತಿರುವ ಅನ್ನ ಅವರ ಆ ಮಾತಿನದು. ಅವರಿಗೆ ನಾನು ಸದಾ ಋಣಿ. ಆದರೆ ಆ ಮಾತು ನನ್ನೊಳಗೆ ಎಷ್ಟು ಆಳಕ್ಕೆ ಇಳಿದಿತ್ತೆಂದರೆ, ಅಚ್ಚಿನ ಕಡ್ಡಿಗಳೇ ಇಲ್ಲದ ಯಂತ್ರದ ಮುಂದೆ ಕುಳಿತಾಗಲೂ ನಾನು ತಪ್ಪನ್ನು ಹುಡುಕುತ್ತಿದ್ದುದು ನನ್ನ ಬೆರಳಿನಲ್ಲಿಯೇ.

ಆರು ದಿನ ಹೀಗೆ ಕಳೆಯಿತು. ಆರು ದಿನವೂ ಎಡತಿರುವಿನಲ್ಲಿ ಗೋಡೆ. ಭಾವನವರು ತೋಟದಿಂದ ಬಂದವರು ಬಾಗಿಲಲ್ಲೇ ನಿಂತು, "ಇಷ್ಟೊತ್ತು ಓಡ್ಸಿದ್ರೂ ಇನ್ನೂ ಕುಣಿಗಲ್ ದಾಟ್ಲಿಲ್ವಾ ನೀವು?" ಎಂದು ನಗುತ್ತಿದ್ದರು. ನಾನೂ ನಗುತ್ತಿದ್ದೆ. ಪತ್ನಿ ಸಂಜೆ ಫೋನು ಮಾಡಿ, "ಏನ್ರೀ, ಬೆರಳು ಹೆಂಗಿದೆ?" ಎಂದು ಕೇಳಿದರೆ, "ಪರವಾಗಿಲ್ಲ, ಸುಧಾರಿಸ್ತಾ ಇದೆ" ಎನ್ನುತ್ತಿದ್ದೆ. ಒಳಗೆ ಮಾತ್ರ ನಾನು ಬೇರೊಂದು ಸಿದ್ಧತೆಯಲ್ಲಿದ್ದೆ. ಕಚೇರಿಯಲ್ಲಿ ನನ್ನ ಕುರ್ಚಿಗೆ ಕೈಯೇ ಅರ್ಹತೆ. ಟೈಪು ಮಾಡಲಾಗದ ಬೆರಳಚ್ಚುಗಾರನನ್ನು ಕನಿಕರದಿಂದ ಇಟ್ಟುಕೊಂಡು, ಅವನ ಕೆಲಸವನ್ನು ಪಕ್ಕದ ಮೇಜಿನವರು ಹಂಚಿಕೊಂಡು ಮಾಡುವುದನ್ನು ನಾನು ಬೇರೊಬ್ಬರ ವಿಷಯದಲ್ಲಿ ಕಂಡಿದ್ದೆ. ನನಗೆ ಅದು ಬೇಡವಾಗಿತ್ತು. ಅದಕ್ಕಿಂತ ಮರ್ಯಾದೆಯಿಂದ ನಾನೇ ಹೊರಬರುವುದು ಒಳಿತೆಂದು ನಿರ್ಧರಿಸಿದೆ.

ಏಳನೆಯ ದಿನ ಬೆಳಿಗ್ಗೆ ಅಕ್ಕ ಸಂತೆಗೆ ಹೋದಾಗ ಅದೇ ಕಂಪ್ಯೂಟರಿನ ಮುಂದೆ ಕುಳಿತು ಸ್ವಯಂ ನಿವೃತ್ತಿ ಕೋರುವ ಮನವಿಯನ್ನು ಟೈಪು ಮಾಡಿದೆ. "ನನ್ನ ಎಡಗೈ ಕಿರುಬೆರಳು ಶಾಶ್ವತವಾಗಿ ಶಕ್ತಿ ಕಳೆದುಕೊಂಡಿರುವುದರಿಂದ" ಎಂಬ ಸಾಲು ಬಂದಾಗ ಕಣ್ಣು ಮಂಜಾಯಿತು. ನಿಧಾನವಾಗಿ, ಒಂದೂವರೆ ಪುಟ ಮುಗಿಸಿದೆ. ಮುದ್ರಿಸಲು ಅಲ್ಲಿ ಯಂತ್ರವಿರಲಿಲ್ಲ. ಸೋಮವಾರ ತುಮಕೂರಿಗೆ ಹೋದಾಗ ಮುದ್ರಿಸಿ, ಸಹಿ ಹಾಕಿ ಕೊಟ್ಟುಬಿಡುವುದೆಂದು ಕಡತವನ್ನು ಉಳಿಸಿದೆ. ಆದರೆ ಮುಚ್ಚಲು ಮರೆತೆ. ನನ್ನ ಸೇವಾವಧಿಯಲ್ಲಿ ಕಡತವೊಂದನ್ನು ತೆರೆದಿಟ್ಟು ಎದ್ದುಹೋದದ್ದು ಅದೊಂದೇ ಸಲ.

ಊಟವಾದ ಮೇಲೆ ಆಟಕ್ಕೆ ಕುಳಿತ ಅಕ್ಕ ಅದನ್ನು ಓದಿದಳು. ನಾನು ಕೈ ತೊಳೆದು ಬರುವಷ್ಟರಲ್ಲಿ ಅವಳು ಕೊನೆಯ ಸಾಲಿನಲ್ಲಿದ್ದಳು. ಶಾಲೆಯ ನೋಟ್‌ಬುಕ್ಕು ತಿದ್ದುವವರ ಹಾಗೆ ಬೆರಳನ್ನು ಪರದೆಯ ಮೇಲೆ ಸಾಲಿನಿಂದ ಸಾಲಿಗೆ ಇಳಿಸುತ್ತಿದ್ದಳು. ಬೈಯುತ್ತಾಳೆ ಅಥವಾ ಅಳುತ್ತಾಳೆ ಎಂದುಕೊಂಡೆ. ಎರಡೂ ಆಗಲಿಲ್ಲ.

"ಇದನ್ನ ಟೈಪ್ ಮಾಡ್ದೋರು ಯಾರ್ಲಾ?"

"ನಾನೇ."

"ಯಾವ ಕೈಲಿ?"

"ಎರಡೂ ಕೈಲಿ."

"ಆ ಕಿರುಬೆರಳಿನ ಕೀ ಇಲ್ದೆ ಇಷ್ಟುದ್ದ ಬರೆಯೋಕಾಗುತ್ತಾ?"

 ಕನ್ನಡದಲ್ಲಿ ಕಾ, ಮಾ ಮುಂತಾದ ಆಕಾರವೆಲ್ಲ ಬರುವುದು ಆ ಕೀಯಿಂದಲೇ. ಅದಿಲ್ಲದೆ ಒಂದು ಸಾಲೂ ಮುಗಿಯುವುದಿಲ್ಲ.

"ಒಂದು ತಪ್ಪಿಲ್ಲ ಕಣೋ ಇದ್ರಲ್ಲಿ" ಎಂದಳು ಅಕ್ಕ. "ಬೆರಳು ಸತ್ತೋಗಿದೆ ಅಂತ ಬರ್ದಿದೀಯ. ಬರ್ದಿರೋದು ಅದೇ ಬೆರಳಲ್ಲಿ. ಇದನ್ನ ಕೊಟ್ರೆ ನಿಮ್ ಸಾಹೇಬ್ರು ನಗಲ್ವಾ?"

"ನಿಧಾನಕ್ಕೆ ಹೊಡ್ದೆ ಅಕ್ಕ. ಅವಸರ ಮಾಡಿದ್ರೆ ಅದು ಆಗಲ್ಲ. ನೀನೇ ನೋಡ್ತಿದೀಯಲ್ಲ ದಿನಾ, ಗೋಡೆಗೆ ಹೋಗೋದ್ನ."

ಅಕ್ಕ ಕೀಬೋರ್ಡನ್ನೊಮ್ಮೆ, ನನ್ನ ಕೈಯನ್ನೊಮ್ಮೆ ನೋಡಿದಳು. ಆಮೇಲೆ ಎದ್ದು ನಿಂತು, "ಏಳು. ಜಾಗ ಬದಲಾಯ್ಸು" ಎಂದಳು.

ಅವಳು ಎಡಗಡೆ ಕುಳಿತು ನನ್ನ ಅಕ್ಷರಗಳನ್ನು ಹಿಡಿದಳು. ನಾನು ಬಲಗಡೆ ಬಂದು ಬಾಣಗಳ ಮೇಲೆ ಬಲಗೈ ಇಟ್ಟೆ. ಪಂದ್ಯ ಆರಂಭವಾಯಿತು. ಬಲತಿರುವನ್ನು ಇಬ್ಬರೂ ದಾಟಿದೆವು. ಎಡತಿರುವು ಬಂತು. ನನ್ನ ಬಲಗೈ ಚುರುಕಾಗಿ ತಿರುಗಿಸಿತು. ಅಕ್ಕನ ಕಾರು ನೇರವಾಗಿ ಹೋಗಿ ಗೋಡೆಗೆ ಹೊಡೆಯಿತು.

"ಒತ್ತಿದೀನಿ ಕಣ್ಲಾ!" ಎಂದು ಕೂಗಿದಳು. "ನೋಡಿಲ್ಲಿ, ಒತ್ತೇ ಇದೀನಿ!"

ಅವಳ ಬೆರಳನ್ನು ನೋಡಿದೆ. ಒತ್ತಿದ ಬಿರುಸಿಗೆ ಉಗುರು ಬೆಳ್ಳಗಾಗಿತ್ತು. ಆರು ದಿನಗಳಿಂದ ನಾನು ಹೇಳುತ್ತಿದ್ದ ಮಾತನ್ನೇ ಅವಳೂ ಹೇಳಿದ್ದಳು. ನೆವ ಹೇಳಬೇಡ ಎಂದು ಅವಳಿಗೆ ಹೇಳುವ ಅವಕಾಶ ಆಗ ನನಗಿತ್ತು. ಅದನ್ನು ಬಿಟ್ಟು ಅವಳ ಬೆರಳನ್ನೇ ಇನ್ನೊಮ್ಮೆ ನೋಡಿದೆ.

ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಮಕ್ಕಳಿಗೆ ಪಾಠ ಹೇಳಿದವಳು ಅಲ್ಲಿಗೆ ಬಿಡಲಿಲ್ಲ. ಅದೇ ತಿರುವಿಗೆ ಕಾರುಗಳನ್ನು ಮತ್ತೆ ಮತ್ತೆ ತಂದು, ನನಗೆ ಆಜ್ಞೆ ಕೊಡತೊಡಗಿದಳು. "ನೀನು ಎಡಬಾಣದಿಂದ ಕೈ ತೆಗಿ." ತೆಗೆದೆ. ಅವಳ ಕಾರು ಎಡಕ್ಕೆ ತಿರುಗಿತು. "ಈಗ ಇಡು." ಇಟ್ಟೆ. ಗೋಡೆ. "ತೆಗಿ." ತಿರುಗಿತು. "ಇಡು." ಗೋಡೆ. ನಾಲ್ಕು ಸಲ ಮಾಡಿ ನೋಡಿ, ಕನ್ನಡಕ ತೆಗೆದು ಸೆರಗಿನಿಂದ ಒರೆಸಿಕೊಂಡಳು.

"ನಿನ್ ಬೆರಳು ಸರೀಗಿದೆ ಕಣೋ. ನಾವಿಬ್ರೂ ಒಟ್ಟಿಗೆ ಒತ್ತಿದ್ರೆ ಈ ಹಲಗೆ ಒಬ್ಬರದನ್ನೇ ಕೇಳಿಸ್ಕೊಳ್ಳೋದು. ನಾನು ಯಾವಾಗ್ಲೂ ನಿನಗಿಂತ ಒಂದು ಚೂರು ಮುಂಚೆ ಒತ್ತಿರ್ತೀನಿ, ಅದಕ್ಕೆ ನಿನ್ನದು ಬಿದ್ದೋಗುತ್ತೆ."

ನಾನು ನಂಬಿದೆನೆಂದು ಬರೆಯಲು ಇಷ್ಟವಿದೆ. ಆದರೆ ನಿಜ ಹಾಗಿಲ್ಲ. ಯಂತ್ರಕ್ಕೆ ತಪ್ಪು ಮಾಡಲು ಬರುವುದಿಲ್ಲ ಎಂಬುದು ಮೂವತ್ತಮೂರು ವರ್ಷದ ನಂಬಿಕೆ; ಒಂದು ಮಧ್ಯಾಹ್ನದಲ್ಲಿ ಹೋಗುವಂಥದಲ್ಲ. "ನಿನ್ನ ಬೆರಳಿಗೂ ವಯಸ್ಸಾಗಿದೆಯಲ್ಲಕ್ಕ" ಎಂದುಬಿಟ್ಟೆ. ಅಕ್ಕ ನನ್ನನ್ನು ಒಂದು ಕ್ಷಣ ನೋಡಿ, "ನಾಳೆ ತುಮಕೂರಿಗೆ ಹೊರಡು. ಗೊತ್ತಿರೋರ ಬಾಯಲ್ಲೇ ಹೇಳಿಸ್ತೀನಿ" ಎಂದಳು.

ಮರುದಿನ ಬೆಳಿಗ್ಗೆ ಕೀಬೋರ್ಡನ್ನು ಟವೆಲಿನಲ್ಲಿ ಸುತ್ತಿ, ಬಟ್ಟೆಯ ಕೈಚೀಲದಲ್ಲಿ ಇಟ್ಟುಕೊಂಡು ಬಸ್ಸು ಹತ್ತಿದೆವು. ಚೀಲ ಚಿಕ್ಕದಾದ್ದರಿಂದ ಅರ್ಧ ಕೀಬೋರ್ಡು ಹೊರಗೆ ಚಾಚಿಕೊಂಡಿತ್ತು. ಪಕ್ಕದ ಸೀಟಿನ ಹೆಂಗಸೊಬ್ಬರು ಬಹಳ ಹೊತ್ತು ನೋಡಿ, "ಏನಮ್ಮಾ ಅದು, ಹಾರ್ಮೋನಿಯಮ್ಮಾ?" ಎಂದು ಕೇಳಿದರು. "ಹೂಂ ಕಣಮ್ಮ. ಒಂದು ಸ್ವರ ಹೊರಡ್ತಾ ಇಲ್ಲ, ರಿಪೇರಿಗೆ ತಗೊಂಡೋಗ್ತಿದೀವಿ" ಎಂದಳು ಅಕ್ಕ. ಆ ಹೆಂಗಸು ನನ್ನ ಕಡೆ ತಿರುಗಿ, "ನೀವು ಹಾಡ್ತೀರಾ?" ಎಂದರು. ತುಮಕೂರು ಹತ್ತಿರ ಬರುವವರೆಗೆ ನಾನು ಕಿಟಕಿಯಾಚೆ ನೋಡುತ್ತ ಕುಳಿತೆ.

ತುಮಕೂರಿನ ಬಿ.ಎಚ್. ರಸ್ತೆಗೆ ಸೇರುವ ಒಂದು ಓಣಿಯಲ್ಲಿ ಕಂಪ್ಯೂಟರು ರಿಪೇರಿ ಮಾಡುವ ಚಿಕ್ಕ ಅಂಗಡಿಯಿದೆ. ಅದನ್ನು ನಡೆಸುವವರು ಮೂವತ್ತೈದರ ಆಸುಪಾಸಿನ ಒಬ್ಬ ಮಹಿಳೆ. ಅಕ್ಕ ಟವೆಲು ಬಿಚ್ಚಿ ಎಡತಿರುವಿನ ತೊಂದರೆಯನ್ನು ಹೇಳಿದಳು. ಅವರು ತಲೆಯೆತ್ತದೆ, "ಒಂದೇ ಬೋರ್ಡಲ್ಲಿ ಇಬ್ರು ಆಡ್ತಾರಾ ಮೇಡಂ? ಮಕ್ಕಳಾ?" ಎಂದರು.

"ಹೂಂ" ಎಂದಳು ಅಕ್ಕ. "ದೊಡ್ಡವಳಿಗೆ ಅರವತ್ತೆರಡು. ಚಿಕ್ಕವನಿಗೆ ಐವತ್ತೊಂದು, ಇವನೇ."

ಆಗ ಅವರು ತಲೆಯೆತ್ತಿ ನಮ್ಮಿಬ್ಬರನ್ನೂ ನೋಡಿ, ನಕ್ಕು, ಎರಡು ಸ್ಟೂಲು ಎಳೆದು ಕೂರಿಸಿದರು. ನನ್ನ ಬೆರಳಿನ ಕಥೆಯನ್ನೂ ಅಕ್ಕ ಹೇಳಿ ಮುಗಿಸಿದಳು. ಮೂಲೆಯಲ್ಲಿ ಬಿದ್ದಿದ್ದ ಕೆಟ್ಟ ಕೀಬೋರ್ಡೊಂದನ್ನು ತಂದು ಸ್ಕ್ರೂ ಬಿಚ್ಚಿ ತೆರೆದರು. ಒಳಗೆ ಪಾರದರ್ಶಕ ಹಾಳೆಗಳಿದ್ದವು. ಅವುಗಳ ಮೇಲೆ ಬೆಳ್ಳಿಯ ಬಣ್ಣದ ಸಣ್ಣ ಗೆರೆಗಳು. ನನ್ನ ಇಡೀ ಜೀವನ ಕೀಗಳ ಮೇಲ್ಭಾಗದಲ್ಲಿ ಕಳೆದಿದೆ. ಅವುಗಳ ಅಡಿಯಲ್ಲಿ ಏನಿದೆಯೆಂದು ಅಂದೇ ಮೊದಲು ಕಂಡದ್ದು.

"ಒಂದೊಂದು ಕೀಗೂ ಬೇರೆ ಬೇರೆ ವೈರ್ ಇರಲ್ಲ ಸರ್" ಎಂದರು ಅವರು. "ಮೇಲಿನ ಹಾಳೇಲಿ ಗೆರೆ ಅಡ್ಡ, ಕೆಳಗಿನದ್ರಲ್ಲಿ ಉದ್ದ. ಎಲ್ಲಿ ಎರಡು ಗೆರೆ ಸೇರುತ್ತೋ ಅಲ್ಲೊಂದು ಕೀ. ಒಂದು ಒತ್ತಿ, ಎರಡು ಒತ್ತಿ, ತೊಂದ್ರೆ ಇಲ್ಲ. ಈಗ ನೋಡಿ, ಇಲ್ಲೊಂದು ಚೌಕ ಇದೆ ಅನ್ಕೊಳ್ಳಿ. ಮೂರು ಮೂಲೆ ಒಟ್ಟಿಗೆ ಒತ್ತಿದ್ರೆ, ನಾಲ್ಕನೇ ಮೂಲೇನೂ ಒತ್ತಿರೋ ಹಂಗೇ ಬೋರ್ಡಿಗೆ ಕಾಣುತ್ತೆ. ಯಾವುದು ನಿಜ, ಯಾವುದು ಸುಳ್ಳು ಅಂತ ಅದಕ್ಕೆ ಗೊತ್ತಾಗಲ್ಲ. ಒತ್ತದೇ ಇರೋದನ್ನ ಒತ್ತಿದಾರೆ ಅಂತ ತಪ್ಪು ಹೇಳೋ ಬದ್ಲು, ಮೂರನೇದನ್ನೇ ತಗೊಳ್ದೆ ಸುಮ್ನಾಗ್ಬಿಡುತ್ತೆ. ಎಲ್ಲಾ ಮೂರು ಕೀಗೂ ಹಂಗಾಗಲ್ಲ, ಒಂದೇ ಚೌಕಕ್ಕೆ ಬಿದ್ದವಕ್ಕೆ ಮಾತ್ರ. ಓಡೋ ಕೀ ಹಿಡಿದೇ ಇರ್ತೀರ, ಅದ್ರ ಜೊತೆ ಇಬ್ರೂ ಎಡಗಡೆ ಒತ್ತಿದ್ರೆ ಮೂರಾಯ್ತಲ್ಲ, ನಿಮ್ಗೆ ಎಡಗಡೆ ತಿರುಗೋದು ಹಂಗೆ ಬಿದ್ದಿದೆ."

"ನಮ್ ಕ್ಲಾಸಲ್ಲೂ ಹಿಂಗೇ" ಎಂದಳು ಅಕ್ಕ. "ಮೂರು ಮಕ್ಕಳು ಒಟ್ಟಿಗೆ ಕೂಗಿದ್ರೆ ಯಾವುದು ಕೂಗಿದ್ದು ಯಾವುದು ಕೂಗಿಲ್ಲ ಗೊತ್ತಾಗ್ತಿರ್ಲಿಲ್ಲ."

ನಾನು ಆ ಹಾಳೆಯನ್ನು ಕೈಯಲ್ಲಿ ಹಿಡಿದು ಬೆಳಕಿಗೆ ಒಡ್ಡಿ ನೋಡಿದೆ. ಕೇಳಬೇಕಾದ ಪ್ರಶ್ನೆ ಒಂದೇ ಇತ್ತು.

"ಹಾಗಾದ್ರೆ ನಾನು ಒತ್ತಿದ್ದು ಅದಕ್ಕೆ ಮುಟ್ಟಿತ್ತಾಮ್ಮ?"

"ಮುಟ್ಟಿರುತ್ತೆ ಸರ್. ನೀವು ಸರಿಯಾಗೇ ಒತ್ತಿದೀರ. ಅದು ಬರ್ಕೊಂಡಿಲ್ಲ ಅಷ್ಟೆ."

ಕಚೇರಿಗೆ ಬಂದ ಪತ್ರ ಸ್ವೀಕೃತಿ ವಹಿಯಲ್ಲಿ ನಮೂದಾಗದೆ ಹೋದರೆ, ಕಳುಹಿಸಿದವರು ತಾವೇ ಏನೋ ತಪ್ಪು ಮಾಡಿದೆವೆಂದು ಮತ್ತೆ ಮತ್ತೆ ಬಂದು ವಿಚಾರಿಸುವುದನ್ನು ನಾನು ವರ್ಷಗಳಿಂದ ನೋಡಿದ್ದೇನೆ. ಕಿಟಕಿಯ ಆಚೆ ನಿಂತ ಅವರ ಮುಖಗಳು ಆ ಕ್ಷಣದಲ್ಲಿ ನನಗೆ ಏಕೆ ನೆನಪಾದವೆಂದು ವಿವರಿಸಲಾರೆ. ಎಲ್ಲ ಸಲವೂ ನಾನು ಅವರಿಗೆ ಸಮಾಧಾನದ ಮಾತು ಹೇಳಿದ್ದೇನೆಯೆ ಎಂದೂ ಖಚಿತವಾಗಿ ನೆನಪಿಲ್ಲ.

"ಆದ್ರೆ ಇಷ್ಟು ವರ್ಷ ಟೈಪ್ ಮಾಡಿದೀನಿ, ಒಂದು ಸಲಾನೂ ಹಿಂಗಾಗಿಲ್ಲ" ಎಂದೆ.

"ಟೈಪಿಂಗಲ್ಲಿ ಆಗೋದೇ ಇಲ್ಲ ಸರ್. ನೀವು ಒಂದಾದ್ಮೇಲೆ ಒಂದು ಒತ್ತೋರು. ಶಿಫ್ಟ್ ಕೀಗೆ ದಾರಿ ಬೇರೆ ಇಟ್ಟಿರ್ತಾರೆ. ಇದು ಗೇಮ್ ಆಡೋರ ತೊಂದ್ರೆ. ಎಲ್ಲಿ, ಒಂದ್ಸಲ ಹೊಡೀರಿ ನೋಡಣ" ಎಂದು ಅಂಗಡಿಯ ಕಂಪ್ಯೂಟರನ್ನು ನನ್ನ ಕಡೆ ತಿರುಗಿಸಿದರು.

ಏನು ಬರೆಯಬೇಕೆಂದು ಯೋಚಿಸಲಿಲ್ಲ. "ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ" ಎಂದು ಬೆರಳುಗಳು ತಾವೇ ಆರಂಭಿಸಿದವು. ಮೊದಲ ಸಾಲು ನಿಧಾನ. ಎರಡನೆಯ ಸಾಲಿನಲ್ಲಿ ವೇಗ ಬಂತು. ಪಕ್ಕದಲ್ಲಿ ಇಬ್ಬರು ನಿಂತು ನೋಡುತ್ತಿದ್ದರು, ಹೊರಗೆ ಆಟೋ ಹಾರ್ನು ಹೊಡೆಯುತ್ತಿತ್ತು. ಅವಸರವೆಂದರೆ ಅದಕ್ಕಿಂತ ಬೇಕೆ? ಕಿರುಬೆರಳು ಸ್ವಲ್ಪ ನೋಯುತ್ತಿತ್ತು. ನೋಯುತ್ತಲೇ ತನ್ನ ಪಾಲಿನ ಕೀ ಬಂದಾಗಲೆಲ್ಲ ಇಳಿದು ಎದ್ದು ಬರುತ್ತಿತ್ತು. ಹತ್ತು ಸಾಲಿಗೆ ನಿಲ್ಲಿಸಿದೆ. ಅಂಗಡಿಯವರು ಪರದೆಯನ್ನು ನೋಡಿ, "ಇದಾ ಸರ್ ಸತ್ತೋಗಿರೋ ಬೆರಳು?" ಎಂದರು. ಅಕ್ಕ ನನ್ನ ಎಡಗೈಯನ್ನು ತೆಗೆದುಕೊಂಡು, ಚಿಕ್ಕಂದಿನಲ್ಲಿ ಬಳಪ ಹಿಡಿಸುವಾಗ ಹಿಡಿಯುತ್ತಿದ್ದಂತೆ ಕಿರುಬೆರಳನ್ನು ಒಮ್ಮೆ ಒತ್ತಿ ಬಿಟ್ಟಳು.

ಒಂದೇ ಕಂಪ್ಯೂಟರಿಗೆ ಎರಡು ಕೀಬೋರ್ಡು ಸಿಕ್ಕಿಸಿದರೆ ಈ ತೊಂದರೆ ಇರುವುದಿಲ್ಲವೆಂದು ಆ ಮಹಿಳೆ ತಿಳಿಸಿದರು. ಮೇಲಿನ ಸಾಲಿನ ಒಂದು ಕೀಯ ಟೊಪ್ಪಿ ಹಾರಿಹೋಗಿದ್ದ, ಉಳಿದಂತೆ ಸುಸ್ಥಿತಿಯಲ್ಲಿದ್ದ ಹಳೆಯ ಕೀಬೋರ್ಡನ್ನು ಅಟ್ಟದಿಂದ ಇಳಿಸಿ, "ತಗೊಂಡೋಗಿ, ಇಲ್ಲಿ ಸುಮ್ನೆ ಧೂಳು ತಿಂತಾ ಬಿದ್ದಿದೆ" ಎಂದು ಅಕ್ಕನ ಚೀಲಕ್ಕೆ ಸೇರಿಸಿದರು. ಅವರು ಅಂದು ಒಂದು ಗಂಟೆ ಕೆಲಸ ನಿಲ್ಲಿಸಿ, ಅಪರಿಚಿತರಿಬ್ಬರಿಗೆ ಹಾಳೆ ಬಿಚ್ಚಿ ತೋರಿಸದೆ ಹೋಗಿದ್ದರೆ ನಾನು ಆ ಸೋಮವಾರ ಏನು ಮಾಡಿರುತ್ತಿದ್ದೆನೆಂದು ನನಗೆ ಚೆನ್ನಾಗಿ ಗೊತ್ತು. ಅವರಿಗೆ ನನ್ನ ಹೃತ್ಪೂರ್ವಕ ಕೃತಜ್ಞತೆಗಳನ್ನು ಈ ಮೂಲಕ ಸಲ್ಲಿಸುತ್ತೇನೆ. 

ಅದೇ ಮಧ್ಯಾಹ್ನ ಕುಣಿಗಲ್‌ನಲ್ಲಿ ಎರಡು ಕೀಬೋರ್ಡುಗಳನ್ನು ಅಕ್ಕಪಕ್ಕದಲ್ಲಿ ಇಟ್ಟು ಆಡಿದೆವು. ಎಡತಿರುವು ಬಂತು. ಕಿರುಬೆರಳು ಒತ್ತಿತು. ಹಳದಿ ಕಾರು ಗೋಡೆಯನ್ನು ಸವರುವಷ್ಟು ಹತ್ತಿರದಿಂದ ತಿರುಗಿ ಮುಂದೆ ಹೋಯಿತು. ಮುಂದಿನ ಎಡತಿರುವು, ಅದರ ಮುಂದಿನದು, ಎಲ್ಲವನ್ನೂ ದಾಟಿತು. ಪಂದ್ಯದಲ್ಲಿ ಮಾತ್ರ ಅಕ್ಕನೇ ಗೆದ್ದಳು.

"ಈಗ ಹೇಳು ನೆವ" ಎಂದಳು.

"ನೆವ ಏನೂ ಇಲ್ಲಕ್ಕ. ಸೋತೆ."

ಅಷ್ಟು ಸಂತೋಷದಿಂದ ನಾನು ಯಾವತ್ತೂ ಸೋತಿರಲಿಲ್ಲ. ಭಾವನವರು ಬಾಗಿಲಲ್ಲಿ ನಿಂತು ಎರಡು ಕೀಬೋರ್ಡು ನೋಡಿ, "ಓಹೋ, ಆಸ್ತಿ ಭಾಗ ಆಯ್ತಾ?" ಎಂದು ಕೇಳಿ ಚಹಾಕ್ಕೆ ಒಳಗೆ ಹೋದರು.

ಅಂದು ಸಂಜೆ ಪತ್ನಿಗೆ ಫೋನು ಮಾಡಿ, ಮುಚ್ಚಿಟ್ಟಿದ್ದನ್ನೆಲ್ಲ ಮೊದಲಿನಿಂದ ಹೇಳಿದೆ. ಮನವಿ ಪತ್ರದ ವಿಷಯ ಬಂದಾಗ ಅವಳು, "ಒಂದು ಮಾತು ನಂಗೆ ಹೇಳಿದ್ರೆ ನಿಮ್ ಬಾಯಿ ಸವೆದೋಗ್ತಿತ್ತೇನ್ರೀ?" ಎಂದಳು.  "ಬನ್ನಿ ಬೇಗ, ನಿಮ್ಮಕ್ಕನಿಗೆ ಒಂದು ಸೀರೆ ತರ್ಬೇಕು ನಾನು" ಎಂದು ಅವಳೇ ಮಾತು ಮುಂದುವರಿಸಿದಳು.

ರಜೆ ಮುಗಿದ ದಿನ ಗುಬ್ಬಿಯಿಂದ ಎಂದಿನ ರೈಲಿಗೆ ಹೊರಟೆ. ಮೆಟ್ಟಿಲನ್ನು ಹೊಸ ಚಪ್ಪಲಿಯಲ್ಲಿ, ಕಂಬಿ ಹಿಡಿದು ಹತ್ತಿದೆ. ಕಚೇರಿಯಲ್ಲಿ ಮೇಜಿನ ಧೂಳು ಒರೆಸಿ, ಮೊಟ್ಟಮೊದಲು ಟೈಪು ಮಾಡಿದ್ದು ಕರ್ತವ್ಯಕ್ಕೆ ಹಾಜರಾದ ವರದಿ. ನಾಲ್ಕೇ ಸಾಲಿನ ಪತ್ರ. ಬೇರೆಯವರಿಗಾಗಿ ಅದನ್ನು ನೂರಾರು ಸಲ ಟೈಪು ಮಾಡಿರಬಹುದು. ಅದರಲ್ಲಿ ಓದಿಕೊಳ್ಳುವಂಥದ್ದು ಏನಾದರೂ ಇದೆಯೆಂದು ಎಂದೂ ಅನಿಸಿರಲಿಲ್ಲ. ಅಂದು ಸಹಿ ಹಾಕುವ ಮೊದಲು ಎರಡು ಸಲ ಓದಿದೆ.

ಈಗಲೂ ತಿಂಗಳಿಗೊಂದು ಭಾನುವಾರ ಪತ್ನಿಯೊಂದಿಗೆ ಕುಣಿಗಲ್‌ಗೆ ಹೋಗುತ್ತೇನೆ. ಊಟವಾದ ಮೇಲೆ ಪಂದ್ಯ ನಡೆಯುತ್ತದೆ. ಹತ್ತರಲ್ಲಿ ಎರಡು ನಾನು ಗೆಲ್ಲುತ್ತೇನೆ. ಮೊನ್ನೆ ಹೋದಾಗ ಆ ಕಂಪ್ಯೂಟರಿನಲ್ಲಿ ನನ್ನ ಸ್ವಯಂ ನಿವೃತ್ತಿಯ ಮನವಿ ಇನ್ನೂ ಹಾಗೆಯೇ ಇರುವುದು ಕಂಡಿತು. ಅಳಿಸಿಬಿಡಲೆಂದು ಕೈ ಇಟ್ಟೆ. ಅಕ್ಕ ನನ್ನ ಕೈಯನ್ನು ಆಚೆ ತಳ್ಳಿದಳು.

"ಇರ್ಲಿ ಬುಡು. ತಪ್ಪಿಲ್ದೆ ಬರ್ದಿದೀಯ, ಯಾಕೆ ಅಳಿಸ್ತೀಯ? ಮುಂದಿನ ಸಲ ಎಲ್ಲಾರ ನೀನು ಹಿಂಗೇ ಹೆದರ್ಕೊಂಡ್ರೆ, ತೆಗ್ದು ತೋರಿಸ್ತೀನಿ. ಈಗ ಕಾರು ತೆಗಿ."